ನೂರ ಹದಿನೈದು ಗ್ರಾಂ

ಮೂಗಿಗಿಡಲು ಹತ್ತಿಯ ಉಂಡೆ ಮಾಡಿಕೊಂಡ ದೇವಕಿ, ತುಂಗಾಳ ತಲೆಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ಹೊರಳಿಸಿದಳು. ಅವಳ ಕೈ ಅಲ್ಲೇ ನಿಂತಿತು.

"ಕಿವಿಗೆ ಆಗಲೇ ಯಾರು ಹತ್ತಿ ಇಟ್ಟದ್ದು?"

ಸುತ್ತ ಕೂತಿದ್ದ ಹೆಂಗಸರು ಬಾಗಿ ನೋಡಿದರು. ದೇವಕಿ ಇನ್ನೊಂದು ಕಿವಿಯನ್ನೂ ನೋಡಿದಳು. ಅಲ್ಲೂ ಇತ್ತು, ಒತ್ತಿ ಒಳಗೆ ತುರುಕಿದ್ದು.

"ನೀನಾ ಯಶ್ಮಿತಾ?"

"ನಾನು ಆಮೇಲೆ ಬಂದದ್ದಲ್ವಾ ಮಾಮಿ."

"ಅತ್ತಿಗೆಗೆ ಕಿವಿನೋವು ಇತ್ತಾ?"

ಯಶ್ಮಿತಾಳಿಗೆ ಗೊತ್ತಿರಲಿಲ್ಲ. ಬದಿಯಡ್ಕದಲ್ಲಿರುವ ಗಂಡನ ಮನೆಯಿಂದ ಅವಳು ಜೀಪಿನಲ್ಲಿ ಬೆಳ್ಳೂರಿಗೆ ಬಂದಿಳಿದಾಗ ಎಂಟೂವರೆ. ಅಷ್ಟರಲ್ಲಿ ಅಮ್ಮ ಚಾಪೆಯ ಮೇಲಿದ್ದಳು. ಬೆಳಿಗ್ಗೆ ಆರೂವರೆಗೆ ಕೋಳಿ ಶೆಡ್ಡಿನ ಕಡೆ ಹೊರಟವಳು ಮೆಟ್ಟಿಲ ಬಳಿ ಎದೆ ಹಿಡಿದುಕೊಂಡು ಕೂತಳಂತೆ. ಕೈಯಲ್ಲಿದ್ದ ಬಕೆಟ್ ಉರುಳಿದ ಸದ್ದಿಗೆ ಅಪ್ಪ ಲೋಕಯ್ಯ ಎದ್ದು ಬಂದದ್ದು.

ಅಪ್ಪನ ತಂಗಿ ದೇವಕಿ ತುಂಗಾಳ ಬಳೆ, ಓಲೆ ತೆಗೆದಳು. ಕೊನೆಗೆ ಸೊಂಟದ ಕಪ್ಪು ದಾರ ಬಿಚ್ಚಿ, ಅದರಲ್ಲಿದ್ದ ಒಂದೇ ಒಂದು ಕೀಯನ್ನು ಯಶ್ಮಿತಾಳ ಅಂಗೈಯಲ್ಲಿಟ್ಟಳು.

"ಕೋಳಿ ಫೀಡಿನ ಕೋಣೆಯದ್ದು. ತಾಳಿಗಿಂತ ಜಾಗ್ರತೆ ಇದಕ್ಕೆ."

ಮನೆಯ ಹಿಂದಿನಿಂದ ಕೋಳಿಗಳ ಕೂಗು ಬರುತ್ತಲೇ ಇತ್ತು. ಮುನ್ನೂರು ಹೇಂಟೆಗಳು. ಏಳು ಗಂಟೆಗೆ ತಿನ್ನಬೇಕಾದವು, ಈಗ ಹತ್ತೂವರೆ. ಅದು ಕೊಕ್ಕೊಕ್ಕೋ ಎನ್ನುವ ಕೂಗಲ್ಲ. ತಗಡಿನ ಮೇಲೆ ಕಲ್ಲು ಎಳೆದ ಹಾಗೆ, ನಿಲ್ಲದ ಒಂದು ಸದ್ದು. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಕೂಸಪ್ಪ ತಲೆಯೆತ್ತಿದ.

"ದಿನಾ ಅರೆಹೊಟ್ಟೆ. ಇವತ್ತು ಪೂರಾ ಉಪವಾಸ ಮಾರಾಯ."

ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು.

"ಇಷ್ಟು ಜೀವ ಹೊಟ್ಟೆಗಿಲ್ಲದೆ ಕೂಗುವಾಗ ಅವಳಿಗೆ ದಾರಿ ಸಿಗ್ಲಿಕ್ಕುಂಟಾ?" ದೇವಕಿ ಸೆರಗಿನಿಂದ ಕಣ್ಣೊರೆಸಿದಳು. "ಅಣ್ಣ, ಎಂತಾದರೂ ಹಾಕಿಸು."

"ಹೆಣ ಅಂಗಳ ದಾಟದೆ ಈ ಮನೆಯಲ್ಲಿ ಯಾರ ಬಾಯಿಗೂ ಎಂತದೂ ಇಲ್ಲ," ಎಂದ ಲೋಕಯ್ಯ. ಆಮೇಲೆ ಮಗಳ ಕಡೆ ನೋಡದೆ ಹೇಳಿದ: "ದಾಟಿದ ಮೇಲೆ ಮೂರು ಚೀಲ ಒಡೆದು ಹಾಕಿ. ಒಂದು ದಿನ ಹೊಟ್ಟೆ ತುಂಬ ತಿನ್ನಲಿ. ಅವಳ ಹೆಸರಲ್ಲಿ."

*

ಯಶ್ಮಿತಾಳೂ ಒಮ್ಮೆ ಹಾಗೆಯೇ ಅಂದುಕೊಂಡಿದ್ದಳು.

ಅದು ಒಂಬತ್ತು ವರ್ಷ ಹಿಂದೆ, 2007ರ ಏಪ್ರಿಲ್. ಅವಳಿಗೆ ಹತ್ತೊಂಬತ್ತು. ಅಮ್ಮ ಸಾಕುತ್ತಿದ್ದದ್ದು ಅಂಗಡಿಯಲ್ಲಿ ತೂಗಿ ಮಾರುವ ಕೋಳಿಗಳನ್ನಲ್ಲ, ಅವುಗಳ ತಾಯಂದಿರನ್ನು. ಇವು ಇಟ್ಟ ಮೊಟ್ಟೆ ವಾರಕ್ಕೆರಡು ಸಲ ಮರಿ ಮಾಡುವ ಕಂಪೆನಿಯ ವ್ಯಾನಿನಲ್ಲಿ ಹೋಗುತ್ತಿತ್ತು. ಆ ಮರಿಗಳು ಆರು ವಾರ ಹೊಟ್ಟೆ ಬಿರಿಯೆ ತಿಂದು ಕತ್ತಿಗೆ ಹೋಗುತ್ತಿದ್ದವು. ತಾಯಂದಿರದ್ದೂ ಅದೇ ಜಾತಿ, ಅದೇ ಹಸಿವು. ಆದರೆ ಬೇಕಾದಷ್ಟು ತಿಂದರೆ ಇವು ಕೊಬ್ಬಿ ಕಾಲು ಮುರಿದುಕೊಳ್ಳುತ್ತವೆ, ಮೊಟ್ಟೆ ಇಡುವುದಿಲ್ಲ. ಹಾಗಾಗಿ ತಲೆಗೆ ನೂರ ಹದಿನೈದು ಗ್ರಾಂ, ದಿನಕ್ಕೆ ಒಂದೇ ಸಲ. ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ಅವು ಖಾಲಿ ತೊಟ್ಟಿಯನ್ನು ಕುಕ್ಕುತ್ತಿದ್ದವು.

ಅಮ್ಮ ಪಂಚಾಯತಿಗೆ ಹೋಗಿದ್ದ ಮಧ್ಯಾಹ್ನ ಯಶ್ಮಿತಾ ಗೂಟದಲ್ಲಿದ್ದ ಕೀ ತೆಗೆದು ಫೀಡಿನ ಕೋಣೆಯ ಬಾಗಿಲು ತೆರೆದು ನಾಲ್ಕು ಚೀಲ ತೊಟ್ಟಿಗೆ ಸುರಿದಳು. ಕೋಳಿಗಳು ಒಂದರ ಬೆನ್ನು ಒಂದು ಹತ್ತಿ ತಿಂದವು, ಓಡಿ ನೀರು ಕುಡಿದವು, ಮತ್ತೆ ತಿಂದವು. ಕೂಗು ನಿಂತಿತು. ಆ ಮನೆಯಲ್ಲಿ ಮೊದಲ ಬಾರಿಗೆ ಮಧ್ಯಾಹ್ನ ಅಷ್ಟು ನಿಶ್ಶಬ್ದವಾಗಿತ್ತು. ಅವಳು ಜಗಲಿಯಲ್ಲಿ ಮಲಗಿ ಸುಖವಾಗಿ ನಿದ್ದೆ ಹೋದಳು.

ಸಂಜೆಗೆ ನಲವತ್ತೊಂದು ಸತ್ತಿದ್ದವು. ಸೆಕೆಗೆ ಬಾಯಿ ತೆರೆದುಕೊಂಡು, ಕೊರಳಿನ ಚೀಲ ಕಲ್ಲಿನ ಹಾಗೆ ಗಟ್ಟಿಯಾಗಿ.

ಅಮ್ಮ ಬೈಯಲಿಲ್ಲ. ತೋಟದ ಮೂಲೆಯಲ್ಲಿ ಗುಂಡಿ ತೋಡತೊಡಗಿದಳು. ಬೈದಿದ್ದರೆ ಯಶ್ಮಿತಾ ಸುಮ್ಮನಿರುತ್ತಿದ್ದಳೋ ಏನೋ. "ದಿನವೆಲ್ಲ ಹಸಿದು ಕೂಗ್ತವೆ. ನಿನಗೆ ಅದು ಕೇಳುವುದೇ ಇಲ್ಲ ಅಲ್ವಾ?" ಎಂದು ಅಳುತ್ತ ಕೇಳಿದಳು.

ಅಮ್ಮ ಗುದ್ದಲಿಯ ಮಣ್ಣು ಕೊಡವಿದಳು. "ಕೀ ಕೊಡು," ಎಂದಳು.

ಅಷ್ಟೇ. ಅಂದಿನಿಂದ ಕೀ ಅಮ್ಮನ ಸೊಂಟ ಸೇರಿತು. ಯಶ್ಮಿತಾ ಮತ್ತೆ ಶೆಡ್ಡಿಗೆ ಕಾಲಿಡಲಿಲ್ಲ. ಮದುವೆಯಾಗಿ ಹೋದ ಮೇಲೂ ತವರಿಗೆ ಬಂದಾಗ ಅಮ್ಮ ಎರಡು ಸೌಟು ಅನ್ನ ಬಡಿಸಿದರೆ, ಇಲ್ಲೂ ತಕ್ಕಡಿ ಉಂಟಾ ಎಂದು ಒಳಗೇ ಕುಟುಕಿಕೊಳ್ಳುತ್ತಿದ್ದಳು. ಮೂರನೆಯ ಸೌಟು ಕೇಳಿರಲೂ ಇಲ್ಲ.

*

ಚಟ್ಟ ಗೇಟು ದಾಟಿತು. ತಮ್ಮ ವಿಜೇತ್ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಗಂಡಸರೆಲ್ಲ ಅವನ ಹಿಂದೆ. ಹೆಂಗಸರು ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡರು. ಯಶ್ಮಿತಾ ಸೀರೆ ಬದಲಿಸಿ ಬರುವಷ್ಟರಲ್ಲಿ ದೇವಕಿ ಚೀಲ ಒಡೆಯಲು ಕತ್ತಿ ಹಿಡಿದು ಫೀಡಿನ ಕೋಣೆಯ ಎದುರು ನಿಂತಿದ್ದಳು.

"ಕೀ ಕೊಡು."

ಇಲ್ಲಿ ಕೂಗು ಎದೆಗೆ ತಾಗುತ್ತಿತ್ತು. ಯಶ್ಮಿತಾಳ ಕೈ ತಾನಾಗಿ ಬೀಗದ ಕಡೆ ಹೋಯಿತು. ಇಷ್ಟನ್ನು ನಿಲ್ಲಿಸಲು ಮೂರು ಚೀಲ ಸಾಕು.

"ಬೇಡ ಮೋಳೆ, ಬೇಡ ಮಗಳೇ."

ಪಕ್ಕದ ಮನೆಯ ಕುಂಞಾಮಿನ ಅಬ್ಬಲಿಗೆಯ ಬೇಲಿ ದಾಟಿ ಬರುತ್ತಿದ್ದಳು. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ತುಂಗಾಳ ಜೊತೆ ಬಕೆಟ್ ಹಿಡಿದವಳು ಅವಳೇ. ಎರಡು ಕಡೆಯಿಂದ ಒಟ್ಟಿಗೇ ಹಾಕಬೇಕು. ಇಲ್ಲದಿದ್ದರೆ ಗಟ್ಟಿ ಇರುವವು ತಿಂದು ಮುಗಿಸಿ ಬಡಕಲಿಗೆ ಏನೂ ಉಳಿಯುವುದಿಲ್ಲ. ಕುಂಞಾಮಿನಳಿಗೆ ಕಿವಿ ಮಂದ. ಹಾಗಾಗಿ ಅವಳ ಮಾತು ಯಾವಾಗಲೂ ಜೋರು.

"ನೆತ್ತಿಯ ಮೇಲೆ ಬಿಸಿಲು. ಈಗ ತಿಂದರೆ ಸಾಯ್ತವೆ. ನಾಲ್ಕೂವರೆ ಕಳೀಲಿ. ಅದೂ ಅಳತೆಯಷ್ಟೇ."

"ನಾಲ್ಕೂವರೆವರೆಗೆ ಇದನ್ನು ಕೇಳಿಕೊಂಡು ಕೂರಬೇಕಾ?" ಎಂದಳು ದೇವಕಿ. "ನೀನು ಹೇಳ್ತೀ. ನಿನಗೆಲ್ಲಿ ಕೇಳ್ತದೆ?"

"ಅದಕ್ಕೇ ಅಲ್ವಾ ತುಂಗಕ್ಕ ನನ್ನನ್ನು ಕರೆದದ್ದು. 'ನಿನಗೆ ದೇವರೇ ಕಿವಿಗೆ ಹತ್ತಿ ಇಟ್ಟು ಕಳಿಸಿದ್ದಾನೆ, ನಾನು ದಿನಾ ಇಟ್ಟುಕೊಳ್ಳಬೇಕು' ಅಂತಿದ್ದಳು."

ಯಶ್ಮಿತಾ ತಿರುಗಿದಳು. "ಯಾವಾಗಿಂದ?"

"ಹಾಂ?"

"ಹತ್ತಿ. ಯಾವಾಗಿಂದ ಕುಂಞಾಮಿನಕ್ಕ?"

"ಮೊದಲ ಬ್ಯಾಚಿನಿಂದ. ನೀನು ಶಾಲೆಗೆ ಹೋಗುವಾಗಿಂದ." ಅವಳು ಕೂತು ಕಾಲು ನೀವಿಕೊಂಡಳು. "ಹತ್ತಿ ಇಲ್ಲದ ದಿನ ಅವಳ ಕೈ ನಿಲ್ಲುವುದಿಲ್ಲ, ಒಂದು ಮುಷ್ಟಿ ಹೆಚ್ಚೇ ಹಾಕ್ತಾಳೆ. ಆಮೇಲೆ ವಾಪಸು ತೂಗ್ತಾಳೆ. ನಿನ್ನೆ ಹನ್ನೊಂದು ಮೊಟ್ಟೆ ಸಿಕ್ಕಿತು, ಈ ಬ್ಯಾಚಿನ ಮೊದಲನೆಯದ್ದು. ಆರು ತಿಂಗಳು ಕಾದದ್ದು. ಸೆರಗಿನಲ್ಲಿ ಕಟ್ಟಿ ತಂದು ತೋರಿಸಿದಳು."

ಯಶ್ಮಿತಾ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಪ್ಪನ ಮಾತಿಗೂ ಬೆಲೆ ಇಲ್ಲವಾ?" ದೇವಕಿ ಕತ್ತಿಯನ್ನು ಮೆಟ್ಟಿಲ ಮೇಲೆ ಎಸೆದಳು. "ತಾಯಿಯ ಮಗಳೇ ಸರಿ."

ಹಿಂದೆ ಈ ಮಾತು ಕೇಳಿದ್ದರೆ ಯಶ್ಮಿತಾಳಿಗೆ ಸಿಟ್ಟು ಬರುತ್ತಿತ್ತು.

*

ಗಂಡಸರು ಮರಳಿ ಬಂದು ಮಿಂದರು. ನೆರೆಮನೆಯಿಂದ ಗಂಜಿ ಬಂತು. ಕೂಗಿನ ನಡುವೆಯೇ ಬಡಿಸಿದರು, ನಡುವೆಯೇ ಉಂಡರು. ಲೋಕಯ್ಯ ಒಂದು ಗುಟುಕು ಬಾಯಿಗಿಟ್ಟು ಬಟ್ಟಲನ್ನು ದೂರ ಸರಿಸಿದ.

"ಒಂದು ದಿನ ಹೇಳಿದೆ ನಾನು. ಒಂದೇ ದಿನ."

"ನಾಲ್ಕೂವರೆಗೆ ಹಾಕ್ತೇನೆ ಅಪ್ಪ."

"ಅವಳೂ ಹಾಗೆಯೇ. ಗಡಿಯಾರ ನೋಡಿಯೇ ಮಾತು." ಲೋಕಯ್ಯ ಎದ್ದು ಹೋಗಿ, ದಿನಾ ಜೋರಾಗಿ ಹಾಕುವ ರೇಡಿಯೋದ ಗುಂಡಿಯ ಮೇಲೆ ಕೈಯಿಟ್ಟ. ಇವತ್ತು ಅದನ್ನು ಹಾಕುವ ಹಾಗಿಲ್ಲ ಎಂದು ನೆನಪಾಗಿ ಕೈ ತೆಗೆದ.

ಎರಡು ಗಂಟೆಯಾಯಿತು. ಮೂರಾಯಿತು. ಯಶ್ಮಿತಾ ಪಾತ್ರೆ ತೊಳೆದಳು, ಚಾಪೆ ಮಡಚಿದಳು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಎಷ್ಟೋ ಸಲ ಕೈ ಸೊಂಟದ ಕೀಯನ್ನು ಮುಟ್ಟಿ ನೋಡಿತು. ಬಿಸಿಲು ತೆಂಗಿನ ಬುಡದಿಂದ ಸರಿದಾಗ ಬೀಗ ತೆರೆದು ತಕ್ಕಡಿ ಇಳಿಸಿದಳು. ಮೂವತ್ತನಾಲ್ಕೂವರೆ ಕಿಲೋ, ನಾಲ್ಕು ಬಕೆಟ್. ಅವಳ ಹೆಜ್ಜೆಯ ಸದ್ದಿಗೇ ಒಳಗೆ ಮುನ್ನೂರು ಕೋಳಿಗಳು ತಂತಿಬಲೆಗೆ ಹಾರಿ ಬಿದ್ದವು. ಕೊನೆಯ ಬಕೆಟ್ಟಿಗೆ ಒಂದು ಮುಷ್ಟಿ ಹೆಚ್ಚು ಬಿತ್ತು. ಅವಳು ಅದನ್ನು ವಾಪಸು ತೆಗೆದಳು.

ಆಚೆಯ ಬಾಗಿಲಲ್ಲಿ ಕುಂಞಾಮಿನ ಎರಡು ಬಕೆಟ್ ಹಿಡಿದು ಕಾಯುತ್ತಿದ್ದಳು.

ಯಶ್ಮಿತಾ ಒಳಗೆ ಹೋಗಿ, ಹೆಣವಿದ್ದ ಜಾಗದಲ್ಲಿ ದೀಪದ ಪಕ್ಕ ಉಳಿದಿದ್ದ ಹತ್ತಿಯ ಸುರುಳಿ ತಂದಳು. ಎರಡು ಚೂರು ಹರಿದು ಉಂಡೆ ಮಾಡಿ ಒಂದೊಂದು ಕಿವಿಗೂ ಒತ್ತಿಕೊಂಡಳು. ಬಕೆಟ್ ಎತ್ತಿ ಬಾಗಿಲು ತಳ್ಳಿದಳು. ಎದುರಿಗೆ ಮುನ್ನೂರು ಕೊಕ್ಕುಗಳು ಒಮ್ಮೆಲೇ ತೆರೆದುಕೊಂಡವು. ದೂರದಲ್ಲೆಲ್ಲೋ ಮಳೆ ಬರುತ್ತಿರುವ ಹಾಗೆ ಕೇಳಿಸಿತು.