ದೀಪದ ಮನೆಯ ದೊಡ್ಡ ಮಗಳು

"ಎಲ್ಲಿಗೆ ಬಂತಮ್ಮ ಕತೆ? ಮಂಜು ಕವಿದುಬಿಡ್ತಾ?"

ಇಸ್ತ್ರಿಯವನು ಹಬೆಯ ಹಿಂದಿನಿಂದ ಕೇಳಿದ. ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಕೌಂಟರಿನಲ್ಲಿ ಕೂತಿದ್ದ ಲಾಂಡ್ರಿಯಮ್ಮ ತಲೆ ಎತ್ತದೆ, "ಎಲ್ಲಿ ಬಂತಪ್ಪ. ಮೂರನೆಯವನಿಗೆ ಇನ್ನೂ ಗಂಟಲು ನೋವು," ಎಂದಳು.

"ಸಿನಿಮಾದಲ್ಲಿ ಅದು ಒಂದೇ ಹಾಡಿಗೆ ವಾಸಿಯಾಗಿತ್ತು."

"ಇದರಲ್ಲಿ ಔಷಧಿ ಕುಡಿಸ್ತಿದಾಳೆ. ನಿನ್ನೆಯಿಂದ ಓದ್ತಿದೀನಿ, ಇನ್ನೂ ಕುಡಿಸ್ತಾನೇ ಇದಾಳೆ."

ಇಸ್ತ್ರಿಯವನು ನಕ್ಕು, ಯಾರದೋ ಮದುವೆ ಕೋಟಿನ ಭುಜವನ್ನು ಹಲಗೆಯ ತುದಿಗೆ ಏರಿಸಿದ. ಅವನಿಗೆ ಓದು ಬಾರದು. ಪುಸ್ತಕ ಅಂಗಡಿಗೆ ಬಂದ ದಿನದಿಂದ ಮಧ್ಯಾಹ್ನದ ಹೊತ್ತು ಅವಳು ಓದಿ ಹೇಳಬೇಕು, ಅವನು ಕೇಳಬೇಕು. ಸಿನಿಮಾದ ಹಾಡುಗಳೆಲ್ಲ ಅವನಿಗೆ ಬಾಯಿಪಾಠ. ಪುಸ್ತಕದಲ್ಲಿ ಹಾಡಿನ ಜಾಗ ಬಂದಾಗಲೆಲ್ಲ ತಾನೇ ಹಾಡುತ್ತಿದ್ದ, ಯಾರೂ ಬೇಡವೆಂದಿರಲಿಲ್ಲ.

ಆ ಸಿನಿಮಾ ನೋಡದವರನ್ನು ದೀಪ ಹಿಡಿದು ಹುಡುಕಬೇಕು. ಸಮುದ್ರದ ನಡುವೆ ಬಂಡೆ, ಬಂಡೆಯ ಮೇಲೆ ಹಡಗುಗಳಿಗೆ ದಾರಿ ತೋರುವ ದೀಪದ ಮನೆ. ದೀಪ ನೋಡಿಕೊಳ್ಳುವವನ ಹೆಂಡತಿ ತೀರಿಕೊಂಡಿದ್ದಾಳೆ, ನಾಲ್ಕು ಮಕ್ಕಳು. ಕೊನೆಯ ಮಗುವಿನ ಜ್ವರ ನೋಡಲು ಬಂದ ನರ್ಸು ಹಾಡು ಹೇಳಿಕೊಡುತ್ತಾ ಅಲ್ಲೇ ಉಳಿದು ಅವನನ್ನು ಮದುವೆಯಾಗುತ್ತಾಳೆ. ಮೂರು ಮಕ್ಕಳು ಅವಳಿಗೆ ಅಂಟಿಕೊಳ್ಳುತ್ತವೆ. ದೊಡ್ಡ ಮಗಳು ಮಾತ್ರ ಮುಖ ಕೊಟ್ಟು ಮಾತಾಡುವುದಿಲ್ಲ. ಕೊನೆಯಲ್ಲಿ ಮಂಜು ಕವಿದು, ದೀಪವೂ ಕೆಟ್ಟು, ನರ್ಸು ಕೂತ ದೋಣಿ ದಿಕ್ಕು ತಪ್ಪಿದಾಗ ಅದೇ ದೊಡ್ಡ ಮಗಳು ಮೇಲಕ್ಕೆ ಓಡಿ "ಅಮ್ಮಾ" ಎಂದು ಕೂಗುತ್ತಾಳೆ. ಕೂಗು ಹಾಡಾಗುತ್ತದೆ, ಹಾಡಿನ ಜಾಡು ಹಿಡಿದು ದೋಣಿ ದಡ ಸೇರುತ್ತದೆ. ಥಿಯೇಟರಿನಲ್ಲಿ ಆಗ ಅಳದೆ ಕೂತವನು ನಿದ್ದೆ ಮಾಡುತ್ತಿದ್ದಾನೆಂದೇ ಅರ್ಥ.

ಲಾಂಡ್ರಿಯಮ್ಮ ಆ ಸಿನಿಮಾ ನೋಡಿಯೇ ಮದುವೆಯಾದವಳು. ಹಾಗೆಂದು ಅವಳ ಅಕ್ಕ ಸಾಯುವವರೆಗೂ ಆಡಿಕೊಂಡಳು. ಎರಡು ಮಕ್ಕಳಿದ್ದ ಲಾಂಡ್ರಿಯವನ ಸಂಬಂಧ ಬಂದಾಗ, "ಬೀದೀಲಿ ಹೋಗೋ ಮಾರೀನ ಮನೆಗೆ ಕರೀತೀಯಲ್ಲೇ, ಯೋಚನೆ ಮಾಡೇ," ಎಂದು ಅಕ್ಕ ಬುದ್ಧಿ ಹೇಳಿದ್ದಳು. ಇವಳ ತಲೆಯಲ್ಲಿ ಆಗ ಹಾಡು ಓಡುತ್ತಿತ್ತು.

ಚಿಕ್ಕವನಿಗೆ ಆಗ ಎರಡು ವರ್ಷ. ಮೊದಲ ದಿನವೇ ಅಮ್ಮ ಎಂದ. ಆ ವಯಸ್ಸಿನಲ್ಲಿ ಅವನು ಹಾಲಿನವನನ್ನೂ ಅಮ್ಮ ಎನ್ನುತ್ತಿದ್ದ ಎನ್ನುವುದು ಬೇರೆ ಮಾತು. ಒಂಬತ್ತು ವರ್ಷದ ದೊಡ್ಡವಳು ಏನೂ ಅನ್ನಲಿಲ್ಲ. ಇಪ್ಪತ್ತೈದು ವರ್ಷವಾದರೂ ಅಂದಿಲ್ಲ. ಜಗಳವಿಲ್ಲ, ಎದುರುಮಾತಿಲ್ಲ. "ಊಟ ಆಯ್ತಾ ನಿಮ್ಮದು?" "ನಿಮಗ್ಯಾಕೆ ತೊಂದರೆ?" ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಕರೆಯಬೇಕಾಗಿ ಬಂದರೆ ಹತ್ತಿರ ಬಂದು, ಇವಳು ತಿರುಗಿ ನೋಡುವವರೆಗೂ ಸುಮ್ಮನೆ ನಿಲ್ಲುತ್ತಿದ್ದಳು. ಊರಿಗೆ ಊರೇ ಕೌಂಟರಿನಾಚೆ ನಿಂತು "ಅಮ್ಮಾ, ಕೋಟು ಆಯ್ತಾ? ಅಮ್ಮಾ, ಈ ಕಲೆ ಹೋಗುತ್ತಾ?" ಎನ್ನುತ್ತಿತ್ತು. ಅವಳೊಬ್ಬಳು ಅನ್ನಲಿಲ್ಲ.

ಒಂದು ದಿನ ಅಂದೇ ಅನ್ನುತ್ತಾಳೆ ಎಂದು ಲಾಂಡ್ರಿಯಮ್ಮ ನಂಬಿದ್ದಳು. ಗಂಡ ತೀರಿಕೊಂಡ ಮೇಲೂ ಆ ನಂಬಿಕೆ ಉಳಿದಿತ್ತು. ಈಗಂತೂ ದೊಡ್ಡವಳಿಗೆ ದಿನ ತುಂಬಿತ್ತು, ಎಷ್ಟೋ ವರ್ಷಕ್ಕೆ ನಿಂತ ಬಸಿರು. ಹೆರಿಗೆ ನೋವಿನಲ್ಲಿ ಎಂಥ ಗಟ್ಟಿಗಿತ್ತಿಯ ಬಾಯಲ್ಲೂ ಅಮ್ಮಾ ಎಂದೇ ಬರುತ್ತದೆ. ಆ ಹೊತ್ತಿಗೆ ತಾನು ಪಕ್ಕದಲ್ಲಿದ್ದರೆ ಸಾಕು. ಮಂಜು, ದೋಣಿ ಯಾವುದೂ ಬೇಡ. ಹೀಗೆಂದುಕೊಂಡು ಫೋನನ್ನು ಕೈಗೆಟುಕುವಂತೆ ಇಟ್ಟುಕೊಂಡು ಕೂತಿದ್ದಳು.

ಪುಸ್ತಕ ತಂದುಕೊಟ್ಟವನು ಚಿಕ್ಕವನು. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತಂತೆ. "ಅಮ್ಮಾ, ನಿನ್ನ ಸಿನಿಮಾದ ನರ್ಸು ನಿಜವಾಗ್ಲೂ ಇದ್ದಳಂತೆ ಕಣೆ! ತನ್ನ ಜೀವನ ತಾನೇ ಬರೆದಿದಾಳೆ ನೋಡು," ಎಂದಾಗ ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಿದ್ದಳು. ಇಷ್ಟು ದಿನ ಅದು ಕಟ್ಟುಕತೆ ಎಂಬ ಅಳುಕು ಒಳಗೆಲ್ಲೋ ಇತ್ತು. ನಡೆದದ್ದು ಎಂದರೆ ಇನ್ನೊಮ್ಮೆಯೂ ನಡೆಯಬಹುದಲ್ಲ. ಕೊನೆಯನ್ನು ಮೊದಲೇ ಇಣುಕಿ ನೋಡದೆ ಅಕ್ಷರ ಬಿಡದೆ ಓದತೊಡಗಿದಳು.

ಗಂಟಲು ನೋವು ವಾಸಿಯಾದ ಮಾರನೆಯ ದಿನ "ದೊಡ್ಡ ಮಗಳು" ಎಂಬ ಅಧ್ಯಾಯ ಬಂತು. ಗಿರಾಕಿಗಳಿರಲಿಲ್ಲ. ಹಿಂದೆ ಯಂತ್ರದಲ್ಲಿ ಯಾವುದೋ ಹೋಟೆಲಿನ ಪರದೆಗಳು ಉರುಳುತ್ತಿದ್ದವು. ಲಾಂಡ್ರಿಯಮ್ಮ ಕನ್ನಡಕ ಒರೆಸಿಕೊಂಡಳು.

ಮಂಜು ಇರಲಿಲ್ಲ. ದೋಣಿಯೇನೋ ಇತ್ತು, ಅದರಲ್ಲಿ ಕೂತವಳು ಮಗಳು. "ಅವಳಿಗೆ ಹದಿನೆಂಟು ತುಂಬಿದ ಮೇಲೆ ಟಪಾಲಿನ ದೋಣಿ ಹತ್ತಿ ಹೋದಳು," ಎಂದು ನರ್ಸು ಬರೆದಿದ್ದಳು. "ಒಳ್ಳೆಯ ಬಿಸಿಲಿತ್ತು, ಸಮುದ್ರ ಶಾಂತವಾಗಿತ್ತು. ತಂದೆಯನ್ನೂ ತಮ್ಮಂದಿರನ್ನೂ ತಬ್ಬಿಕೊಂಡಳು. ನನಗೆ, ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ. ನಾನು ಮಾಡಿದ ತಪ್ಪೇನೆಂದು ಇವತ್ತಿಗೂ ತಿಳಿದಿಲ್ಲ." ಮುಂದಿನ ಪುಟದಲ್ಲಿ ದೀಪದ ಎಣ್ಣೆಯ ವಿಚಾರ ಶುರುವಾಗಿತ್ತು.

ಅವಳು ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದಳು. ಏನೂ ಬದಲಾಗಿರಲಿಲ್ಲ.

"ಏನಮ್ಮ ಸುಮ್ಮನಾಗಿಬಿಟ್ರಿ? ಬಂತಾ ಆ ಜಾಗ?" ಇಸ್ತ್ರಿಯವನು ಪೆಟ್ಟಿಗೆಯನ್ನು ನಿಲ್ಲಿಸಿ ಮುಂದಕ್ಕೆ ಬಂದ. "ಕೂಗಿದ್ಲಾ?"

ಅವನ ಮುಖ ಬೆವೆತು ಹೊಳೆಯುತ್ತಿತ್ತು. ಅವನಿಗೂ ಮನೆಯಲ್ಲಿ ಏನೇನಿತ್ತೋ, ಅವಳು ಕೇಳಿದವಳಲ್ಲ.

"ಕೂಗಿದ್ಲು," ಎಂದಳು ಲಾಂಡ್ರಿಯಮ್ಮ.

"ಸಿನಿಮಾದಲ್ಲಿದ್ದ ಹಾಗೇನಾ?"

"ಹಾಗೇನೇ."

"ನಾನು ಹೇಳಲಿಲ್ವಾ!" ಎಂದು ಅವನು ಖುಷಿಯಲ್ಲಿ ಆ ಹಾಡನ್ನು ಎತ್ತಿಕೊಂಡ. ಪರದೆಗಳು ಒಣಗುವವರೆಗೂ ಹಾಡುತ್ತಲೇ ಇದ್ದ. ಅವಳಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ನರ್ಸಿಗೆ ತನ್ನ ತಪ್ಪು ತಿಳಿದಿರಲಿಲ್ಲ. ಲಾಂಡ್ರಿಯಮ್ಮನಿಗೆ ತಿಳಿದಿತ್ತು. ಮದುವೆಯಾದ ಹೊಸತು, ಗಂಡನಿಂದ ಕೆಲಸ ಕಲಿಯುತ್ತಿದ್ದ ಉತ್ಸಾಹ. ದೊಡ್ಡವಳ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಒಂದು ನೀಲಿ ಶಾಲು ಸಿಕ್ಕಿತು, ಮಾಸಿ ಎಣ್ಣೆ ಜಿಡ್ಡಾಗಿತ್ತು. ಮಕ್ಕಳ ಸತ್ತ ತಾಯಿಯ ಶಾಲು ಎಂದು ಗೊತ್ತಾಗಿಯೇ, ಮಗು ಸಂತೋಷಪಡಲಿ ಎಂದು ಕೈಯಲ್ಲೇ ಹದವಾಗಿ ಒಗೆದು, ನೆರಳಲ್ಲಿ ಒಣಗಿಸಿ, ಹೊಸದರಂತೆ ಮಡಿಸಿ ಇಟ್ಟಳು. ಸಂಜೆ ಶಾಲೆಯಿಂದ ಬಂದ ಹುಡುಗಿ ಅದನ್ನು ಮೂಗಿಗೆ ಹಿಡಿದಳು. ಇನ್ನೊಂದು ಮಡಿಕೆ ಬಿಚ್ಚಿ ಹಿಡಿದಳು. ಎಲ್ಲ ಮಡಿಕೆಗಳನ್ನೂ ಬಿಚ್ಚಿದ ಮೇಲೆ ಅಡುಗೆಮನೆಗೆ ತಂದು ಇವಳ ಕೈಗಿಟ್ಟು ಹೋದಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಶಾಲು ಅಂದಿನಿಂದ ಲಾಂಡ್ರಿಯಮ್ಮನ ಟ್ರಂಕಿನಲ್ಲೇ ಇತ್ತು.

ಅಂಗಡಿ ಮುಚ್ಚುವ ಹೊತ್ತಿಗೆ ಚಿಕ್ಕವನು ಬಂದ. "ಅಮ್ಮಾ, ನೋಡಿದ್ಯಾ ಮಗೂನ? ಅಕ್ಕನ ಮೂಗೇ ಅಂತೆ."

"ಯಾವ ಮಗು?"

ಅವನ ಮುಖ ಇಳಿದುಹೋಯಿತು. "ನಿನಗೂ ಫೋನ್ ಮಾಡಿರ್ತಾರೆ ಅಂದ್ಕೊಂಡೆ. ಹೆಣ್ಣುಮಗು ಕಣಮ್ಮ. ಮೊನ್ನೆ ಬೆಳಗ್ಗೆ."

ಲಾಂಡ್ರಿಯಮ್ಮ ಫೋನ್ ಕಡೆ ನೋಡಿದಳು. ಅದರ ತಪ್ಪೇನೂ ಇರಲಿಲ್ಲ. "ಪಕ್ಕದಲ್ಲಿ ಯಾರಿದ್ರು?"

"ಅವಳ ಅತ್ತೆ."

"ತುಂಬಾ ನೋವು ತಿಂದ್ಲಾ?"

"ತಿಂದ್ಲಂತೆ. ಆದ್ರೆ ಹಲ್ಲು ಕಚ್ಚಿಕೊಂಡೇ ಇದ್ಲಂತೆ. ಕೊನೇವರೆಗೂ ಬಾಯಿಂದ ಒಂದು ಸದ್ದೂ ಬರಲಿಲ್ಲ ಅಂತ ಅತ್ತೆಯವರೇ ಹೇಳಿದ್ರು."

ಮರುದಿನ ಲಾಂಡ್ರಿಯಮ್ಮ ಆಸ್ಪತ್ರೆಗೆ ಹೋದಳು. ಪುಸ್ತಕದವಳ ಹಣೆಬರಹ ಪುಸ್ತಕದವಳಿಗೆ, ನನಗ್ಯಾಕೆ, ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ನೀಲಿ ಶಾಲನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಅಜ್ಜಿಯ ಶಾಲು ಮೊಮ್ಮಗಳಿಗೆ ಸೇರಲಿ. ತಪ್ಪು ಎಲ್ಲಿ ಶುರುವಾಯಿತೋ ಅಲ್ಲೇ ಮುಗಿಯಲಿ.

ದೊಡ್ಡವಳು ದಿಂಬಿಗೆ ಒರಗಿದ್ದಳು. "ಬನ್ನಿ. ಬಿಸಿಲಲ್ಲಿ ಬಂದ್ರಾ? ಕೂತ್ಕೊಳ್ಳಿ," ಎಂದಳು. ಅವಳ ಅತ್ತೆ ಕುರ್ಚಿ ಸರಿಸಿ ಕೊಟ್ಟರು. ಲಾಂಡ್ರಿಯಮ್ಮ ಕೈ ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಂಡಳು. ಅಂಗೈಗೆ ಬೆಚ್ಚಗೆ ತಾಗಿತು. ಸಣ್ಣಗೆ ಆಕಳಿಸಿತು. ಹಾಲು ಕಕ್ಕಿದ ಹುಳಿ ವಾಸನೆ ಬಂತು. ಅಳಬಾರದೆಂದು ಅವಳು ಮಗುವಿನ ಕಿವಿಯನ್ನೇ ನೋಡಿದಳು.

ಬಿ.ಪಿ. ನೋಡಲು ಬಂದ ಆಸ್ಪತ್ರೆಯ ನರ್ಸು, "ನಿಮ್ಮ ತಾಯಿನಾ?" ಎಂದು ಕೇಳಿದಳು.

"ಅಲ್ಲ. ನಮ್ಮ ತಂದೆಯವರ ಹೆಂಡತಿ," ಎಂದಳು ದೊಡ್ಡವಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ವಿಳಾಸ ಕೇಳಿದರೆ ಹೇಳುವ ಹಾಗೆ ಹೇಳಿದಳು.

ನರ್ಸು ಹೋದ ಮೇಲೆ ಲಾಂಡ್ರಿಯಮ್ಮ ಮಗುವನ್ನು ಮಲಗಿಸಿ ಶಾಲು ತೆಗೆದಳು. "ಇದು ನಿನ್ನದೇ. ಜೋಪಾನವಾಗಿ ಇಟ್ಟಿದ್ದೆ. ಮಗುಗೆ ಹೊದಿಸಬಹುದು ಅಂತ."

ದೊಡ್ಡವಳು ಶಾಲನ್ನು ತೆಗೆದುಕೊಂಡಳು. ತನಗೇ ಗೊತ್ತಿಲ್ಲದಂತೆ ಅದನ್ನು ಮೂಗಿನ ಹತ್ತಿರ ತಂದಳು. ಒಂದು ಕ್ಷಣ, ಅಷ್ಟೇ, ಒಂಬತ್ತು ವರ್ಷದ ಮುಖ ಕಂಡಿತು. ಆಮೇಲೆ ಇದ್ದ ಮಡಿಕೆಯಲ್ಲೇ ಮಡಿಸಿದಳು.

"ನೀವೇ ಇಟ್ಕೊಳ್ಳಿ," ಎಂದಳು. "ಇದರಲ್ಲಿ ಏನೂ ಇಲ್ಲ."

"ನಾನು ಬೇಕು ಅಂತ..."

"ಗೊತ್ತು. ನೀವು ಒಳ್ಳೇದಕ್ಕೇ ಮಾಡಿದ್ರಿ. ನಾನೂ ಎಷ್ಟೋ ಸಲ ಅದನ್ನೇ ಹೇಳಿಕೊಂಡೆ. ಆಗಲಿಲ್ಲ. ಬಿಟ್ಟುಬಿಡಿ."

ಅತ್ತೆಗೆ ಇದೇನೆಂದು ತಿಳಿಯದಿದ್ದರೂ ಇರಿಸುಮುರಿಸಾಯಿತು. ಮಾತು ತೇಲಿಸಲು ಮಂಚದ ಕೆಳಗಿನ ಚೀಲವನ್ನು ಎಳೆದು, "ನಮ್ಮನೆ ಮೆಷಿನ್ನು ಇವತ್ತೇ ಕೆಟ್ಟು ಕೂರಬೇಕಾ! ಮಗು ಬಟ್ಟೆ ರಾಶಿ ಬಿದ್ದಿದೆ ನೋಡಿ," ಎಂದರು.

"ಕೊಡಿ, ನಾನು ಒಗೆದು ತರ್ತೀನಿ," ಎಂದಳು ಲಾಂಡ್ರಿಯಮ್ಮ, ಅವರ ಮಾತು ಮುಗಿಯುವ ಮೊದಲೇ ಕೈ ಚಾಚಿ.

ದೊಡ್ಡವಳು ಸ್ವಲ್ಪ ಯೋಚಿಸಿದಳು. "ನೀವು ಮತ್ತೆ ಬರೋದು ಬೇಡ, ತೊಂದರೆ. ಚೀಟಿ ಬರೆದು ಕೊಟ್ಟುಬಿಡಿ. ನಮ್ಮನೆಯವರು ಅಂಗಡಿಗೆ ಬಂದು ತಗೊಂಡು ಹೋಗ್ತಾರೆ."

ಲಾಂಡ್ರಿಯಮ್ಮ ಕೈಚೀಲದಿಂದ ಚೀಟಿ ಪುಸ್ತಕ ತೆಗೆದು, ಬಟ್ಟೆ ಎಣಿಸಿ, ಹತ್ತು ಎಂದು ಬರೆದು ಹರಿದು ಕೊಟ್ಟಳು. ಎಲ್ಲ ಗಿರಾಕಿಗಳಿಗೂ ಕೊಡುವ ಹಾಗೆ.

ಅಂಗಡಿಗೆ ಹಿಂತಿರುಗಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಪುಸ್ತಕ ಮುಗಿಸಲು ಕೂತಳು. ದೀಪದ ಎಣ್ಣೆಯ ಪುಟಗಳನ್ನು ಹಾರಿಸಿದರೆ ಉಳಿದದ್ದು ಸಿನಿಮಾ ಬಂದ ಮೇಲೆ ನರ್ಸು ಸೇರಿಸಿದ ಕೊನೆಯ ಅಧ್ಯಾಯ ಒಂದೇ. ಸಿನಿಮಾದವರು ಮನೆಗೆ ಬಂದು, ಮಗಳು ಕರೆಯದಿದ್ದರೆ ಚಿತ್ರ ಮುಗಿಸುವುದು ಹೇಗೆ ಎಂದು ಕೇಳಿದರಂತೆ. ನರ್ಸು ನಿಮ್ಮಿಷ್ಟ ಎಂದಳಂತೆ. "ಚಿತ್ರ ಬಿಡುಗಡೆಯಾದ ಮೇಲೆ ಮನೆಯವರಿಗೆ ಹೇಳದೆ ದಿನವೂ ಥಿಯೇಟರಿಗೆ ಹೋಗುತ್ತಿದ್ದೆ. ಬಾಗಿಲಿನವನು ಪರಿಚಯವಾಗಿ, ಕೊನೆಯ ಭಾಗಕ್ಕೆ ಮಾತ್ರ ಒಳಗೆ ಬಿಡುತ್ತಿದ್ದ. ಕಣ್ಣು ಮುಚ್ಚಿ ಕೂರುತ್ತಿದ್ದೆ. ಆ ನಟಿ ಅಮ್ಮಾ ಎಂದು ಕೂಗುತ್ತಿದ್ದಳು. ದನಿ ನನ್ನ ಹುಡುಗಿಯದಲ್ಲ, ಗೊತ್ತಿತ್ತು. ಆದರೂ ಓ ಎನ್ನುತ್ತಿದ್ದೆ. ಪಕ್ಕದವರು ತಿರುಗಿ ನೋಡುತ್ತಿದ್ದರು."

ಲಾಂಡ್ರಿಯಮ್ಮನೂ ಥಿಯೇಟರಿನಲ್ಲಿ ಆ ಕೂಗಿಗೆ ಅತ್ತಿದ್ದಳು. ಅದನ್ನೇ ನಂಬಿ ಒಂದು ಸಂಸಾರಕ್ಕೆ ಬಂದಿದ್ದಳು. ಪುಸ್ತಕ ಮುಚ್ಚಿ, "ಇದನ್ನ ನೀನು ಇಟ್ಕೋ," ಎಂದು ಇಸ್ತ್ರಿಯವನಿಗೆ ಕೊಟ್ಟಳು.

"ನನಗೆ ಓದಕ್ಕೆ ಬರಲ್ಲವಲ್ಲಮ್ಮ."

"ಅದಕ್ಕೇ ನಿನಗೆ ಕೊಟ್ಟಿದ್ದು."

ಅವನು ಹೊದಿಕೆಯ ಮೇಲಿನ ನಟಿಯ ಚಿತ್ರವನ್ನು ಅಂಗೈಯಿಂದ ಒರೆಸಿ, ಜೋಪಾನವಾಗಿ ಕಪಾಟಿನ ಮೇಲಿಟ್ಟ. ಲಾಂಡ್ರಿಯಮ್ಮ ಬಿಸಿನೀರು ಬಿಟ್ಟುಕೊಂಡು ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಕೈಯಲ್ಲೇ ಒಗೆಯತೊಡಗಿದಳು.

ಎರಡು ದಿನ ಬಿಟ್ಟು ಅಳಿಯ ಚೀಟಿ ಹಿಡಿದು ಬಂದ. ಅವಳು ಕಟ್ಟನ್ನು ಕೌಂಟರಿನ ಮೇಲಿಟ್ಟಳು. ಅವನು ಎಲ್ಲದರಲ್ಲೂ ಅಚ್ಚುಕಟ್ಟಿನ ಮನುಷ್ಯ, ಎಣಿಸಿದ.

"ಚೀಟೀಲಿ ಹತ್ತು ಅಂತಿದೆ. ಒಂಬತ್ತೇ ಇದೆಯಲ್ಲಾ."

"ಒಂದು ಕಳೆದುಹೋಯ್ತು. ತಪ್ಪಾಯ್ತು ಅಂತ ಹೇಳಿಬಿಡಿ."

ಇಸ್ತ್ರಿಯವನು ಪೆಟ್ಟಿಗೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಇವಳ ಕಡೆ ನೋಡಿದ. ಈ ಅಂಗಡಿಯಲ್ಲಿ ಇವತ್ತಿನವರೆಗೆ ಒಂದು ಕರವಸ್ತ್ರವೂ ಕಳೆದಿರಲಿಲ್ಲ. ಅದನ್ನು ಅವನು ಗಿರಾಕಿಗಳಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದ.

"ಪರವಾಗಿಲ್ಲ ಬಿಡಿ, ಒರೆಸೋ ಬಟ್ಟೆ ತಾನೆ," ಎಂದು ಅಳಿಯ ಕಟ್ಟು ಎತ್ತಿಕೊಂಡು ಹೋದ.

ಸಂಜೆ ಲಾಂಡ್ರಿಯಮ್ಮ ಮನೆಗೆ ಬಂದು ಕಾಲು ತೊಳೆದಳು, ಕೈಗೆ ಸೋಪು ಹಚ್ಚದೆ ಬರೀ ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಂಡಳು. ಹಾಸಿಗೆಯ ಮೇಲೆ ಕೂತು ದಿಂಬಿನ ಕೆಳಗಿನಿಂದ ಅಂಗೈಯಗಲದ ಬಟ್ಟೆಯೊಂದನ್ನು ತೆಗೆದು ಮುಖಕ್ಕೆ ಹಿಡಿದಳು. ಹಾಲಿನ ಹುಳಿ ವಾಸನೆ ಇನ್ನೂ ಇತ್ತು, ನಿನ್ನೆಗಿಂತ ಸ್ವಲ್ಪ ಕಡಿಮೆ.