ಉಂಡಾಡಿಯ ಖಾಲಿ ಬಟ್ಟಲು

ಬೇಕರಿ ಯಜಮಾನನಿಗೆ ಖಾಲಿ ತಟ್ಟೆ ಕಂಡರೆ ಆಗದು. ಅಂಗಡಿಯಲ್ಲಿ ಹಿಟ್ಟು, ಸಕ್ಕರೆ, ಈಸ್ಟುಗಳನ್ನು ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಾಗದಂತೆ ತೂಗುವ ಮನುಷ್ಯ ಮನೆಗೆ ಬಂದರೆ ಮಹಾ ಧಾರಾಳಿ. ಬಡಿಸುವುದು ಬಿಟ್ಟರೆ ಪ್ರೀತಿ ತೋರಿಸುವ ಇನ್ನೊಂದು ದಾರಿ ಅವನಿಗೆ ಗೊತ್ತಿರಲಿಲ್ಲ.

ಮಗಳು ಸಾಕಿದ್ದ ಹ್ಯಾಮ್‌ಸ್ಟರ್ ಮೇಲೂ ಅದೇ ಪ್ರೀತಿ. ಇಲಿಯಂಥ ಪುಟ್ಟ ಪ್ರಾಣಿ, ಬಾಲ ಇದ್ದೂ ಇಲ್ಲದಂತೆ; ಹೆಸರು ಉಂಡಾಡಿ. ಬೆಳಿಗ್ಗೆ ಬಟ್ಟಲು ಖಾಲಿ ಕಂಡು ಹೆಂಡತಿ ಕಾಳು ಹಾಕುತ್ತಿದ್ದಳು. ಮಧ್ಯಾಹ್ನ ಮತ್ತೆ ಖಾಲಿ. ಅಜ್ಜಿ ಒಂದು ಹಿಡಿ ಸೂರ್ಯಕಾಂತಿ ಬೀಜ ಸುರಿಯುತ್ತಿದ್ದಳು. ಸಂಜೆ ಮಗಳ ಕೈಯಿಂದ ಸೇಬಿನ ಹೋಳು, ಯಜಮಾನನ ಜೇಬಿನಿಂದ ಬಿಸ್ಕತ್ತಿನ ಚೂರು, ಬನ್ನಿನ ತುದಿ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಒಂದು ಸಂಜೆ ಮಗಳು ಅಳುತ್ತಾ ಬಂದಳು. "ಅಪ್ಪಾ, ಉಂಡಾಡಿ ಮೂರು ದಿನದಿಂದ ಪಂಜರದ ಆಟದ ಚಕ್ರ ತುಳೀತಾನೇ ಇಲ್ಲ. ಸತ್ತು ಹೋಗುತ್ತಾ?"

ಯಜಮಾನ ಮೆಟ್ಟಿಲು ಹತ್ತಿ ಓಡಿದ. ಮೇಲಿನ ಮನೆಯಲ್ಲಿದ್ದ ಪಶು ಆಸ್ಪತ್ರೆಯ ನರ್ಸಮ್ಮನನ್ನು ಕೂಡಲೇ ಕರೆತಂದ.

"ಏನೇನು ಕೊಡ್ತೀರಿ?" ಎಂದಳು ಆಕೆ. ಹೆಂಡತಿ, ಅಜ್ಜಿ ತಮ್ಮ ತಮ್ಮದು ಹೇಳಿದರು; ಯಜಮಾನ ಹೆಮ್ಮೆಯಿಂದಲೇ ತನ್ನ ಪಟ್ಟಿ ಒಪ್ಪಿಸಿದ.

"ಹಾಗಾದ್ರೆ ಊಟ ಜಾಸ್ತಿ ಆಗಿದೆ, ಯಜಮಾನ್ರೇ."

"ಜಾಸ್ತಿನಾ? ಬಟ್ಟಲು ಯಾವಾಗ ನೋಡಿದ್ರೂ ಖಾಲಿ ಇರುತ್ತಲ್ಲ ಅಕ್ಕಾ! ಪಾಪ, ಹಸಿವು ಅದಕ್ಕೆ."

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಆ ಗೂಡು ಎತ್ತಿ ನೋಡಿ."

ಮಗಳು ಉಂಡಾಡಿಯನ್ನು ಮೆಲ್ಲಗೆ ಕೈಗೆತ್ತಿಕೊಂಡಳು. ಯಜಮಾನ ಪಂಜರದ ಮೂಲೆಯ ಮರದ ಗೂಡು ಎತ್ತಿದ. ಕೆಳಗೆ ಉಗ್ರಾಣವೇ ಇತ್ತು! ಕಾಳಿನ ರಾಶಿ, ಬೀಜದ ರಾಶಿ, ಬೂಸಲು ಹಿಡಿದ ಬನ್ನು, ಕೊಳೆತ ಸೇಬಿನ ಹೋಳು. ವಾಸನೆಗೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದರ ಕೆನ್ನೆಯೊಳಗೆ ಚೀಲ ಇರುತ್ತೆ," ಎಂದಳು ನರ್ಸಮ್ಮ. "ತಿನ್ನೋದು ಸ್ವಲ್ಪ, ಹೊತ್ತು ಬಚ್ಚಿಡೋದು ಬಹಳ. ಬಟ್ಟಲು ಖಾಲಿ ಆದ ಮಾತ್ರಕ್ಕೆ ಹೊಟ್ಟೆ ಖಾಲಿ ಅಂತಲ್ಲ. ಅದರಲ್ಲೂ ಬಿಸ್ಕತ್ತು ಅಂದ್ರೆ ಬರೀ ಸಕ್ಕರೆ, ಬೀಜ ಅಂದ್ರೆ ಬರೀ ಕೊಬ್ಬು."

ಯಜಮಾನ ಒಪ್ಪಲಿಲ್ಲ. "ಒಂದು ಚೂರು ಬಿಸ್ಕತ್ತಿಗೆ ಏನಾಗುತ್ತೆ ಅಕ್ಕಾ?"

"ನೀವು ತೂಕದ ಮನುಷ್ಯರು, ತೂಗೇ ನೋಡಿ."

ಅಂಗಡಿಯಿಂದ ಈಸ್ಟು ತೂಗುವ ಪುಟ್ಟ ತಕ್ಕಡಿ ಬಂತು. ಉಂಡಾಡಿ ಡಬ್ಬಿಯೊಳಗೆ ಕೂತ. ಡಬ್ಬಿಯ ತೂಕ ಕಳೆದು ನೂರ ತೊಂಬತ್ತು ಗ್ರಾಂ! ಮೂರು ತಿಂಗಳ ಹಿಂದಿನ ಆಸ್ಪತ್ರೆ ಚೀಟಿಯಲ್ಲಿ ನೂರ ಮೂವತ್ತಿತ್ತು. ಯಜಮಾನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮನುಷ್ಯನಾದರೆ ಮೂರು ತಿಂಗಳಲ್ಲಿ ಅರ್ಧ ಆಳು ಹೆಚ್ಚಾದಂತೆ. ಪ್ರೀತಿಯಿಂದಲೇ ಕೊಲ್ಲಲು ಹೊರಟಿದ್ದೆನಲ್ಲಾ ಎಂದು ನಾಚಿಕೆಯಾಯಿತು.

"ಆ ತಕ್ಕಡಿ ಇನ್ನು ಅಂಗಡಿ ಕಡೆ ಮುಖ ಹಾಕೋದು ಬೇಡ ಕಣ್ರೀ," ಎಂದಳು ಹೆಂಡತಿ. ಅಳುತ್ತಿದ್ದ ಮಗಳೂ ನಕ್ಕಳು.

"ಏನು ಮಾಡ್ಬೇಕು ಹೇಳಿ ಅಕ್ಕಾ," ಎಂದ ಯಜಮಾನ.

"ನಾಳೆ ಡಾಕ್ಟರಿಗೆ ತೋರಿಸೋಣ. ಉಪವಾಸ ಮಾತ್ರ ಕೆಡವಬೇಡಿ. ದಿನಕ್ಕೊಂದೇ ಸಲ, ಹ್ಯಾಮ್‌ಸ್ಟರಿಗೆಂದೇ ಮಾಡಿದ ಆಹಾರ, ಹ್ಯಾಮ್‌ಸ್ಟರಲ್ಲೇ ದೊಡ್ಡದಾದ ಈ ಜಾತಿಗೆ ಒಂದು ದೊಡ್ಡ ಚಮಚ. ಜೊತೆಗೆ ತೊಳೆದ ಸೌತೆಕಾಯಿನೋ ಕ್ಯಾರೆಟ್ಟೋ ಉಗುರಿನಷ್ಟು. ಬೀಜ ಅಪರೂಪಕ್ಕೆ ಒಂದೆರಡು. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ, ಚಾಕೊಲೇಟು ಬೇಡವೇ ಬೇಡ. ನೀರು ದಿನಾ ಬದಲಾಯಿಸಿ. ಗೂಡಲ್ಲಿ ಕೊಳೆಯೋದನ್ನ ತೆಗೀರಿ, ಒಣ ಕಾಳು ಒಂದಿಷ್ಟು ಬಿಡಿ. ಅದರ ಗಂಟು ಪೂರ್ತಿ ದೋಚಿದ್ರೆ ಅದಕ್ಕೆ ದಿಗಿಲಾಗುತ್ತೆ."

ಮರುದಿನ ಡಾಕ್ಟರೂ ಅದನ್ನೇ ಹೇಳಿದರು. ಪಂಜರದ ಪಕ್ಕ ಒಂದು ಸ್ಲೇಟು ನೇತುಬಿತ್ತು. ಊಟ ಹಾಕಿದವರು ಬಳಪದಲ್ಲಿ ಒಂದು ಗೆರೆ ಎಳೆಯಬೇಕು. ಆ ದಿನದ ಗೆರೆ ಇದ್ದರೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಮೊದಲ ವಾರ ಅಜ್ಜಿ ಕದ್ದು ಬೀಜ ಹಾಕಿ ಮೊಮ್ಮಗಳ ಕೈಲಿ ಬೈಸಿಕೊಂಡಳು. ತಕ್ಕಡಿಯ ಮುಳ್ಳು ಮಾತ್ರ ವಾರವಾರವೂ ಸ್ವಲ್ಪ ಸ್ವಲ್ಪವೇ ಇಳಿಯಿತು.

ಒಂದೂವರೆ ತಿಂಗಳ ಮೇಲೆ ಒಂದು ಸಂಜೆ ಯಜಮಾನ ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ ಕಿರ್ರ್ ಕಿರ್ರ್ ಸದ್ದು. ಉಂಡಾಡಿ ಚಕ್ರ ತುಳಿಯುತ್ತಿದ್ದ! ಮಗಳು ಚಪ್ಪಾಳೆ ತಟ್ಟಿ ಕುಣಿದಳು. ಬಟ್ಟಲು ಖಾಲಿ ಇತ್ತು. ಯಜಮಾನನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಸ್ಲೇಟಿನ ಮೇಲಿನ ಗೆರೆ ಕಂಡಿತು. ಬಿಸ್ಕತ್ತಿನ ಚೂರನ್ನು ತನ್ನ ಬಾಯಿಗೇ ಹಾಕಿಕೊಂಡ.

ಓದುಗರೇ, ನಿಮ್ಮ ಮನೆಯಲ್ಲೂ ಒಬ್ಬ ಉಂಡಾಡಿ ಇದ್ದಾನೆಯೇ? ಹಾಗಾದರೆ ಇವತ್ತೇ ಅವನ ಗೂಡು ಎತ್ತಿ ನೋಡಿ, ತೂಕ ಬರೆದಿಡಿ, ಊಟ ಹಾಕುವ ಕೆಲಸ ಒಬ್ಬರಿಗೆ ವಹಿಸಿ. ಮಂಕಾದರೆ, ಭೇದಿಯಾದರೆ ಕಾಯಬೇಡಿ, ಪಶುವೈದ್ಯರ ಬಳಿ ಹೋಗಿ. ಸಾಕು ಎನ್ನಲು ಅವನಿಗೆ ಬಾಯಿಲ್ಲ, ನೀವೇ ಅನ್ನಬೇಕು.