ಮೂಸಿ ನೋಡದ ಡಬ್ಬಿ

ಥೂ, ಜನ ಎಂಥೆಂಥದ್ದನ್ನು ದಾನ ಮಾಡುತ್ತಾರೆ! ಮೆಟ್ಟಿಲ ಕೆಳಗಿನ ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ದೊಡ್ಡಮ್ಮನ ಬಾಯಿಂದ ಮೊದಲು ಹೊರಡುತ್ತಿದ್ದುದು ಇದೇ ಮಾತು. ಲೋಳೆ ಬಿಟ್ಟ ಬೀನ್ಸು. ಬೂಷ್ಟು ಹಿಡಿದ ಬ್ರೆಡ್ಡು, ಬೂಷ್ಟನ್ನು ಚಾಕುವಿನಿಂದ ಕೆರೆದು ತೆಗೆದ ಗುರುತು ಬೇರೆ. ಯಾರೋ ಕಚ್ಚಿದ ಕೇಕು, ಕಚ್ಚಿದ ಕಡೆಯನ್ನು ಜಾಣತನದಿಂದ ಗೋಡೆಗೆ ತಿರುಗಿಸಿ ಇಟ್ಟದ್ದು. ಇವನ್ನೆಲ್ಲ ಇಟ್ಟವರು ಕೈ ಒರೆಸಿಕೊಂಡು, ಒಂದು ಒಳ್ಳೆಯ ಕೆಲಸ ಮಾಡಿದ ಮುಖ ಹೊತ್ತು, ಆಫೀಸಿಗೆ ಹೋಗಿರುತ್ತಿದ್ದರು.

ಆ ಕಟ್ಟಡದಲ್ಲಿ ಹದಿನಾರು ಮನೆ. ಮಿಕ್ಕಿದ ಊಟವನ್ನು ಕಸಕ್ಕೆ ಸುರಿಯುವ ಬದಲು ಕೆಳಗೊಂದು ಫ್ರಿಜ್ಜಿನಲ್ಲಿಟ್ಟರೆ ಹಸಿದವರು ತಿಂದಾರು ಎಂದು ಹಠ ಹಿಡಿದು ಅದನ್ನು ತರಿಸಿದವಳು ದೊಡ್ಡಮ್ಮನೇ. ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಹಾಲು ಒಡೆಯುವುದು ಅವಳ ಮೂಗಿಗೆ ಹಾಲಿಗಿಂತ ಮೊದಲೇ ಗೊತ್ತಾಗುತ್ತದೆ ಎಂದು ಅಲ್ಲಿ ತಮಾಷೆ ಮಾಡುತ್ತಿದ್ದರಂತೆ. ಕಟ್ಟಡದವರು ಎದುರಿಗೆ ದೊಡ್ಡಮ್ಮ ಅನ್ನುತ್ತಿದ್ದರು, ಬೆನ್ನ ಹಿಂದೆ ಡಬ್ಬಿ ಇನ್‌ಸ್ಪೆಕ್ಟರ್ ಅನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡನೆಯದೇ ಒಳಗೊಳಗೆ ಹೆಚ್ಚು ಇಷ್ಟವಾಗಿತ್ತು.

ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು ಮಾತ್ರ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು: "ನೋಡಿ ದೊಡ್ಡಮ್ಮ, ಒಬ್ಬರಿಗೆ ಒಂದು ಸಲ ಹೊಟ್ಟೆ ಕೆಟ್ರೂ ಈ ಫ್ರಿಜ್ಜು ಗುಜರಿಗೆ ಹೋಗುತ್ತೆ. ಆಮೇಲೆ ನನ್ನನ್ನ ಬೈಬೇಡಿ."

"ನನ್ನ ಮೂಗು ಇರೋ ತನಕ ಯಾರ ಹೊಟ್ಟೆನೂ ಕೆಡಲ್ಲ," ಎಂದಿದ್ದಳು ದೊಡ್ಡಮ್ಮ.

ಹಾಗಾಗಿ ದಿನಾ ಹತ್ತೂವರೆಗೆ ತಪಾಸಣೆ. ಡಬ್ಬಿಯ ಮೇಲೆ ಅಡುಗೆ ಮಾಡಿದ ತಾರೀಕು ಬರೆದಿರಬೇಕು. ಎಲ್ಲರೂ ನಾಚಿಕೆಯಿಲ್ಲದೆ ಅಂದಿನ ತಾರೀಕೇ ಬರೆಯುತ್ತಿದ್ದರು. ದೊಡ್ಡಮ್ಮ ಒಂದೊಂದೇ ಮುಚ್ಚಳ ತೆಗೆದು, ಮೂಸಿ, ಚಮಚದಿಂದ ಕೆದಕಿ, ಸರಿಯಿದ್ದುದನ್ನು ಒಳಗಿಟ್ಟು, ಕೆಟ್ಟದ್ದನ್ನು ಬಕೆಟ್ಟಿಗೆ ಸುರಿಯುತ್ತಿದ್ದಳು. ಬಕೆಟ್ಟೇ ಬೇಗ ತುಂಬುತ್ತಿತ್ತು. ಒಂದೇ ಒಂದು ಮನೆಯ ಡಬ್ಬಿಗೆ ಈ ತಪಾಸಣೆ ಇರಲಿಲ್ಲ. ಅಂಚು ನೆಗ್ಗಿದ ಆ ಸ್ಟೀಲಿನ ಡಬ್ಬಿ ಅವಳ ಮನೆಯದೇ, ಸೊಸೆ ತುಂಬಿ ತಂದಿಡುತ್ತಿದ್ದುದು. ತನ್ನ ಮನೆಯ ಅನ್ನವನ್ನು ತಾನೇ ಮೂಸಿ ನೋಡುವುದೇ? ಅದು ಸೀದಾ ಮೇಲಿನ ಹಲಗೆಗೆ ಹೋಗುತ್ತಿತ್ತು.

ಊಟಕ್ಕೆ ಬರುವವರಲ್ಲಿ ಮೊದಲನೆಯವಳು ಆ ಬೀದಿಯ ನಾಲ್ಕು ಕಟ್ಟಡಗಳ ಮೆಟ್ಟಿಲು ಒರೆಸುವ ಹೆಂಗಸು. ವಯಸ್ಸು ನಲವತ್ತು ದಾಟಿದ್ದರೂ ದೊಡ್ಡಮ್ಮನಿಗೆ ಅವಳು 'ಹುಡುಗಿ'. ಹನ್ನೊಂದೂವರೆಗೆ ಅವಳು ಬಕೆಟ್ಟು, ಒರೆಸುವ ಕೋಲು ಗೋಡೆಗೊರಗಿಸಿ, ಕೆಳಗಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದಳು. ಅವಳು ತಿಂದು ಮುಗಿಸುವ ತನಕ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಿರುತ್ತಿದ್ದಳು.

"ತಳದಲ್ಲಿ ಇನ್ನೂ ನಾಲ್ಕು ತುತ್ತಿದೆ ನೋಡು ಹುಡುಗಿ. ಬಿಡಬೇಡ. ಒಬ್ಬರ ಶ್ರಮ ಅದು."

ಹುಡುಗಿ ಬಿಡುತ್ತಿರಲಿಲ್ಲ.

ಒಂದು ಮಂಗಳವಾರ ಮೆಟ್ಟಿಲುಗಳು ಹನ್ನೆರಡು ಗಂಟೆಯಾದರೂ ಒಣಗಿಕೊಂಡೇ ಇದ್ದವು. ಕಾವಲುಗಾರ ಬಂದು ಸುದ್ದಿ ಹೇಳಿದ: ಮೆಟ್ಟಿಲು ಒರೆಸುವವಳಿಗೆ ನಿನ್ನೆ ಮಧ್ಯಾಹ್ನದಿಂದ ವಾಂತಿ, ಪಕ್ಕದ ಕಟ್ಟಡದ ಬಚ್ಚಲಲ್ಲೇ ಬಿದ್ದಿದ್ದಳಂತೆ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರಂತೆ. ಕಾವಲುಗಾರನ ಹಿಂದೆಯೇ ಅಧ್ಯಕ್ಷರೂ ಬಂದರು. ಅವರ ಮುಖದಲ್ಲಿ ಗಾಬರಿಗಿಂತ ಗೆದ್ದ ಕಳೆಯೇ ಹೆಚ್ಚಾಗಿತ್ತು.

"ಯಾರ ಮನೆ ಊಟ ಅಂತ ಸಂಜೆ ಒಳಗೆ ಪತ್ತೆ ಆದ್ರೆ ಆ ಮನೆಯವರನ್ನ ಹೊರಗಿಟ್ಟು ಫ್ರಿಜ್ಜು ಉಳಿಸೋಣ," ಎಂದರು. "ಆಗ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಗುಜರಿಯವನನ್ನ ಕರೀತೀನಿ."

ಪತ್ತೆ ಮಾಡುವುದೇನು ಬಂತು! ಸೋಮವಾರ ಹುಡುಗಿ ತಿಂದದ್ದು ಎರಡೇ ಡಬ್ಬಿಯದು. ಒಂದು ದೊಡ್ಡಮ್ಮನ ಮನೆಯ ಬಟಾಣಿ ಅನ್ನ. ಇನ್ನೊಂದು ಮೂರನೇ ಮಹಡಿಯ ವಕೀಲರ ಹೆಂಡತಿ ಇಟ್ಟ ತರಕಾರಿ ಸೂಪು. ಆ ಸೂಪಿನ ಮೇಲೆ ಹಳದಿ ಜಿಡ್ಡು ಕಟ್ಟಿದ್ದುದು, ತಾನು ಅರೆಮನಸ್ಸಿನಿಂದಲೇ ಅದನ್ನು ಒಳಗಿಟ್ಟದ್ದು ದೊಡ್ಡಮ್ಮನಿಗೆ ಚೆನ್ನಾಗಿ ನೆನಪಿತ್ತು. ಮೊಣಕಾಲು ನೋವನ್ನೂ ಮರೆತು ಅವಳು ಮೂರು ಮಹಡಿ ಹತ್ತಿದಳು.

ವಕೀಲರ ಹೆಂಡತಿ ಬಾಗಿಲು ತೆಗೆದದ್ದೇ ತಡ, ದೊಡ್ಡಮ್ಮ ನೆಟ್ಟಗೆ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನ ಬಾಗಿಲು ಎಳೆದಳು. ಒಳಗಿಂದ ಕಮಟು ಗಾಳಿ ಮುಖಕ್ಕೆ ಬಡಿಯಿತು. ಕೆಳಗಿನ ಡ್ರಾಯರಿನಲ್ಲಿ ಸೌತೆಕಾಯಿಯೊಂದು ಕರಗಿ ಕಂದು ನೀರಾಗಿತ್ತು, ಆ ನೀರಿನಲ್ಲಿ ಕ್ಯಾರೆಟ್ಟುಗಳು ನೆನೆಯುತ್ತಿದ್ದವು. ಹಿಂದಿನ ಬಟ್ಟಲೊಂದರಲ್ಲಿ ಏನಿತ್ತೋ, ಅದಕ್ಕೀಗ ಬೂದು ಬಣ್ಣದ ಕೂದಲು ಬೆಳೆದಿತ್ತು. ಇಷ್ಟು ದುಬಾರಿ ಟೈಲ್ಸು, ಹೊಳೆಯುವ ನಲ್ಲಿ, ನಡುವೆ ಈ ಹೇಸಿಗೆ.

"ಇದೇನ್ರೀ ಇದು? ಮನುಷ್ಯರು ಉಣ್ಣೋ ಮನೆಯಾ?"

"ಎಸೆಯೋಕೆ ಮನಸ್ಸು ಬರಲ್ಲ ದೊಡ್ಡಮ್ಮ," ಎಂದಳು ವಕೀಲರ ಹೆಂಡತಿ, ಸೆರಗಿನ ತುದಿ ತಿರುವುತ್ತ. "ಅದಕ್ಕೇ ಇಟ್ಟಿರ್ತೀನಿ."

"ಎಸೆಯೋಕೆ ಮನಸ್ಸು ಬರಲ್ಲ, ಇನ್ನೊಬ್ಬರ ಹೊಟ್ಟೆಗೆ ಸುರಿಯೋಕೆ ಬರುತ್ತಾ? ನಿಮ್ಮ ಸೂಪು ಕುಡಿದು ಆ ಹುಡುಗಿ ಆಸ್ಪತ್ರೆ ಸೇರಿದ್ದಾಳೆ!"

ವಕೀಲರ ಹೆಂಡತಿಯ ಮುಖ ಕೆಂಪಾಯಿತು. "ಇಲ್ಲ ದೊಡ್ಡಮ್ಮ, ಇದು ಅನ್ಯಾಯ. ಇಲ್ಲಿರೋದೆಲ್ಲ ಗಲೀಜೇ, ಒಪ್ಕೊಳ್ತೀನಿ. ಆದ್ರೆ ಕೆಳಗಿಟ್ಟಿದ್ದು ಸೋಮವಾರ ಬೆಳಿಗ್ಗೆನೇ ಮಾಡಿದ್ದು. ಬೆಣ್ಣೆ ಜಾಸ್ತಿ ಹಾಕಿದ್ದೆ, ಅಷ್ಟೇ. ಅದೇ ಸೂಪು ನಮ್ಮನೆಯವರು ಕುಡಿದ್ರು, ನಾನು ಕುಡಿದೆ, ಹಲ್ಲಿಲ್ಲದ ನಮ್ಮಮ್ಮ ಎರಡು ಲೋಟ ಕುಡಿದ್ರು. ಬನ್ನಿ, ಅವರನ್ನೇ ಕೇಳಿ."

ಒಳಕೋಣೆಯಲ್ಲಿ ಎಂಬತ್ತರ ಮುದುಕಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತು ಟಿವಿ ನೋಡುತ್ತಿತ್ತು. "ಸೂಪು ಚೆನ್ನಾಗಿತ್ತಮ್ಮ," ಎಂದಿತು, ಕೇಳುವ ಮೊದಲೇ.

ಇಳಿಯುವಾಗ ದೊಡ್ಡಮ್ಮನ ಮೊಣಕಾಲು ನೋವು ವಾಪಸು ಬಂತು. ಸೂಪಲ್ಲವಾದರೆ ಉಳಿದದ್ದು ಒಂದೇ ಡಬ್ಬಿ. ಅವಳು ಎರಡನೇ ಮಹಡಿಯ ತನ್ನ ಮನೆಯ ಬಾಗಿಲು ತಳ್ಳಿದಳು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಂದು ಅವಳಿಗೆ ರಜೆ. ಊಟದ ಮೇಜಿನ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಸೋಮವಾರ ಕೆಳಗಿಟ್ಯಲ್ಲ ಬಟಾಣಿ ಅನ್ನ, ಅದನ್ನ ಯಾವತ್ತು ಮಾಡಿದ್ದು?"

ಸೊಸೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಯಾಕತ್ತೆ?"

"ಯಾವತ್ತು?"

"ಬುಧವಾರ."

ಬುಧವಾರದಿಂದ ಸೋಮವಾರ. ದೊಡ್ಡಮ್ಮ ಬೆರಳು ಮಡಚಬೇಕಾಗಿರಲಿಲ್ಲ. "ಐದು ದಿನದ ಅನ್ನ! ನಿಂಗೆ ಮನುಷ್ಯತ್ವ ಇದೆಯೇನೇ?"

"ಶನಿವಾರವೇ ಎಸೆಯೋಣ ಅಂದ್ಕೊಂಡೆ," ಎಂದಳು ಸೊಸೆ. "ಎಸೆದ್ರೆ ನೀವು ಕಸದ ಬುಟ್ಟಿ ಕೆದಕಿ ನೋಡ್ತೀರಿ. ಹೋದ ತಿಂಗಳು ಬುಟ್ಟಿಯಿಂದ ಅರ್ಧ ಬ್ರೆಡ್ಡು ಎತ್ತಿ ನನ್ನ ತಟ್ಟೆಯಲ್ಲಿಟ್ರಿ, ನೆನಪಿದೆಯಾ? ನಿಮ್ಮ ಮಗನ ಮುಂದೆ. ಕಾಫಿ ಪುಡಿ ಅಂಟಿತ್ತು ಅದಕ್ಕೆ. ನಾನು ತಿಂದೆ."

ದೊಡ್ಡಮ್ಮನಿಗೆ ನೆನಪಿತ್ತು. ಅಂದು ಸೊಸೆಗೆ ಒಳ್ಳೆಯ ಪಾಠ ಕಲಿಸಿದೆನೆಂದು ಅವಳು ಮೂರು ಜನರಿಗೆ ಹೇಳಿಕೊಂಡಿದ್ದಳು.

"ಅದಕ್ಕೆ ಬಿಸಿ ಮಾಡಿ, ನಿಂಬೆಹಣ್ಣು ಹಿಂಡಿ ಕೆಳಗಿಟ್ಟೆ. ನನ್ನದೂ ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ನೀವು ಮುಚ್ಚಳ ತೆಗೆದ ತಕ್ಷಣ ಗೊತ್ತಾಗುತ್ತೆ, ಬಕೆಟ್ಟಿಗೆ ಸುರೀತೀರಿ, ಸಂಜೆ ಬಂದು ನಂಗೆ ಬೈತೀರಿ ಅಂದ್ಕೊಂಡಿದ್ದೆ. ಎಲ್ಲರದ್ದೂ ಮೂಸ್ತೀರಲ್ಲ ನೀವು!"

ದೊಡ್ಡಮ್ಮ ಹೋಗಿ ತನ್ನ ಮನೆಯ ಫ್ರಿಜ್ಜು ತೆಗೆದಳು. ದಿನಕ್ಕೆ ಹತ್ತು ಸಲ ತೆಗೆಯುವ ಬಾಗಿಲೇ, ಆದರೆ ಇವತ್ತು ಇನ್‌ಸ್ಪೆಕ್ಟರ್ ಕಣ್ಣಿನಿಂದ ನೋಡಿದಳು. ಸುಲಿದಿಟ್ಟ ಅರ್ಧ ಈರುಳ್ಳಿ ಒಣಗಿ ಚರ್ಮವಾಗಿತ್ತು. ಅವಳೇ 'ಇರಲಿ, ಆಗುತ್ತೆ' ಎಂದು ಎತ್ತಿಟ್ಟ ಬೇಯಿಸಿದ ಆಲೂಗಡ್ಡೆಯ ಮೇಲೆ ಗುಲಾಬಿ ಬಣ್ಣದ ಕಲೆಗಳೆದ್ದಿದ್ದವು. ಒಂದು ಲೋಟದ ಹಾಲು ಗಟ್ಟಿಯಾಗಿ, ಬಿರುಕು ಬಿಟ್ಟು, ಬಿರುಕಿನಲ್ಲಿ ಹಳದಿ ನೀರು ನಿಂತಿತ್ತು. ಲೋಟವನ್ನು ಮೂಗಿನ ಹತ್ತಿರ ತಂದಳು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಒಮ್ಮೆಯೂ ಆಗದ ವಾಕರಿಕೆ ಬಂದು, ಸಿಂಕಿನ ಅಂಚು ಹಿಡಿದು ಬಗ್ಗಿದಳು. ವಾಸನೆಗೆ ಬಂದ ವಾಕರಿಕೆ ಬೇಗ ಇಳಿಯಿತು. ತನ್ನ ಮೇಲೇ ಬಂದದ್ದು ಇಳಿಯಲಿಲ್ಲ.

ಸಂಜೆ ಅಧ್ಯಕ್ಷರು ತಾವಾಗಿಯೇ ದಾರಿ ತೋರಿಸಿಕೊಟ್ಟರು. "ವಕೀಲರ ಮನೆಯದ್ದು ತಾನೆ? ಆ ಹೆಂಗಸಿನ ಅಡುಗೆಮನೆ ಗಬ್ಬು ಅಂತ ಎಲ್ಲರಿಗೂ ಗೊತ್ತು. ಹೂಂ ಅಂದ್ಬಿಡಿ, ಫ್ರಿಜ್ಜು ಉಳಿಯುತ್ತೆ."

ಒಂದು ಹೂಂ ಸಾಕಿತ್ತು. ಅದು ನಾಲಿಗೆಯ ತುದಿಯ ತನಕ ಬಂದಿತ್ತು ಕೂಡ. ಅದರ ರುಚಿಯೂ ಹಳಸಿದ್ದೇ.

"ನಮ್ಮನೆಯದ್ದು," ಎಂದಳು ದೊಡ್ಡಮ್ಮ. "ನಾನು ಮೂಸದೆ ಇಟ್ಟಿದ್ದು."

ಅಧ್ಯಕ್ಷರು ನಗಬೇಕೋ ಬೈಯಬೇಕೋ ತಿಳಿಯದೆ ಗಂಟಲು ಸರಿಮಾಡಿಕೊಂಡರು. ಡಬ್ಬಿ ಇನ್‌ಸ್ಪೆಕ್ಟರನ್ನೇ ಹೊರಗಿಡುವುದು ಹೇಗೆಂದು ಅವರಿಗೂ ಹೊಳೆದಿರಲಿಲ್ಲ. ಕೊನೆಗೆ, "ವಾಂತಿ ಮಾಡ್ಕೊಂಡವಳು ಅವಳು. ಅವಳು ಬಂದು ಇರ್ಲಿ ಅಂದ್ರೆ ಇರ್ಲಿ, ಬೇಡ ಅಂದ್ರೆ ಗುಜರಿಗೆ," ಎಂದು ಕೈ ತೊಳೆದುಕೊಂಡರು. ಮರುದಿನ ದೊಡ್ಡಮ್ಮ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಹುಡುಗಿ ನಿದ್ದೆಯಲ್ಲಿದ್ದಳು. ಎಬ್ಬಿಸುವ ಧೈರ್ಯವಾಗದೆ ಹಣ್ಣನ್ನು ದಾದಿಯ ಕೈಗೆ ಕೊಟ್ಟು ಬಂದಳು.

ಹುಡುಗಿ ಕೆಲಸಕ್ಕೆ ಬಂದದ್ದು ಶನಿವಾರ. ಕೆನ್ನೆ ಒಳಗೆ ಹೋಗಿತ್ತು. ಬಕೆಟ್ಟಿನಲ್ಲಿ ಅರ್ಧವೇ ನೀರು ತುಂಬಿ, ಎರಡು ಮೆಟ್ಟಿಲಿಗೊಮ್ಮೆ ನಿಂತು ಒರೆಸುತ್ತಿದ್ದಳು. ದೊಡ್ಡಮ್ಮ ಅಂದು ಬೆಳಿಗ್ಗೆ ಎದ್ದು, ಸೊಸೆಗೂ ಬಿಡದೆ, ತಾನೇ ಹೊಸ ಅಕ್ಕಿ ತೊಳೆದು, ಹಸಿ ಬಟಾಣಿ ಸುಲಿದು ಅನ್ನ ಮಾಡಿದ್ದಳು. ನೆಗ್ಗಿದ ಡಬ್ಬಿಯನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಅದರಲ್ಲೇ ತುಂಬಿ ತಂದಿದ್ದಳು.

"ಅವತ್ತಿನ ಅನ್ನ ನಮ್ಮನೆಯದ್ದು ಹುಡುಗಿ. ಕೆಟ್ಟಿತ್ತು. ನಾನು ನೋಡ್ಲಿಲ್ಲ."

ಹುಡುಗಿ ಕೋಲನ್ನು ಗೋಡೆಗೊರಗಿಸಿದಳು. "ಗೊತ್ತು ದೊಡ್ಡಮ್ಮ."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮುಚ್ಚಳ ತೆಗೆದಾಗ್ಲೇ ಗೊತ್ತಾಯ್ತು. ನಿಂಬೆಹಣ್ಣಿನ ಕೆಳಗೆ ಹುಳಿ ವಾಸನೆ ಹೊಡೀತಿತ್ತು. ಕೈಗೆ ಅಂಟಂಟು."

"ಮತ್ಯಾಕೆ ತಿಂದೆ?" ದೊಡ್ಡಮ್ಮನ ದನಿ ಅವಳಿಗೇ ಗೊತ್ತಿಲ್ಲದೆ ಏರಿತ್ತು. "ಮೂಗಿತ್ತಲ್ಲ ನಿಂಗೆ? ಬೇಡ ಅನ್ಬೇಕಿತ್ತು!"

ಹುಡುಗಿ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ದೊಡ್ಡಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

"ನೀವು ಎದುರಿಗೇ ನಿಂತಿದ್ರಲ್ಲ," ಎಂದಳು.

ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ಹಾಕಿಕೊಂಡ ಸದ್ದಾಯಿತು. ದೊಡ್ಡಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಆಗಲೂ ಎದುರಿಗೇ ನಿಂತಿದ್ದಳು.

"ಫ್ರಿಜ್ಜು ಬೇಡ ಅಂದ್ರೆ ತೆಗೆಸ್ತಾರಂತೆ. ನೀನು ಏನಂತೀಯ?"

"ಫ್ರಿಜ್ಜೇನು ಮಾಡ್ತು, ಪಾಪ. ಇರ್ಲಿ. ಎಷ್ಟೋ ಜನ ಇದನ್ನೇ ನೆಚ್ಕೊಂಡಿದ್ದಾರೆ." ಹುಡುಗಿ ಒರೆಸುವ ಬಟ್ಟೆಯನ್ನು ಹಿಂಡಿದಳು. "ಬೆಳಿಗ್ಗೆ ಬೇಕಾದ್ರೆ ಮೂಸಿ ನೋಡಿ ಇಡಿ. ನಾವು ತಿನ್ನೋವಾಗ ಮಾತ್ರ ಇಲ್ಲಿ ನಿಲ್ಬೇಡಿ ದೊಡ್ಡಮ್ಮ."

ದೊಡ್ಡಮ್ಮ ತಲೆಯಾಡಿಸಿದಳು. ಡಬ್ಬಿಯನ್ನು ಮೇಲಿನ ಹಲಗೆಯಲ್ಲಿಟ್ಟಳು. ಪಕ್ಕದಲ್ಲಿ ವಕೀಲರ ಹೆಂಡತಿಯ ಸೂಪಿನ ಡಬ್ಬಿಯಿತ್ತು, ಬೆಣ್ಣೆಯ ಹಳದಿ ಜಿಡ್ಡು ಸಮೇತ. ಎರಡನ್ನೂ ಮೂಸಿ ನೋಡಿ, ಮುಚ್ಚಳ ಹಾಕಿ, ಮನೆಗೆ ಹೋದಳು.

ಕಿಟಕಿಯ ಹತ್ತಿರ ಸುಳಿಯಲಿಲ್ಲ. ಕುರ್ಚಿಯಲ್ಲಿ ಕೂತು ಒಂದೂವರೆ ಗಂಟೆಯಾಗುವುದನ್ನೇ ಕಾದಳು. ಸೊಸೆ ಅಡುಗೆಮನೆಯಿಂದ ಕೊಳೆತ ಟೊಮೆಟೊ ತಂದು, ಅತ್ತೆಯ ಕಣ್ಣೆದುರೇ ಕಸದ ಬುಟ್ಟಿಗೆ ಹಾಕಿ, ಒಂದು ಕ್ಷಣ ನಿಂತು ನೋಡಿ ಹೋದಳು. ದೊಡ್ಡಮ್ಮ ಕುರ್ಚಿಯಿಂದ ಏಳಲಿಲ್ಲ.

ಒಂದೂವರೆಗೆ ಕೆಳಗಿಳಿದಳು. ಮೆಟ್ಟಿಲುಗಳು ಒರೆಸಿ ಒಣಗಿದ್ದವು. ಸೂಪಿನ ಡಬ್ಬಿ ಖಾಲಿಯಾಗಿತ್ತು. ಹುಡುಗಿ ಅದನ್ನು ನಲ್ಲಿಯಲ್ಲಿ ತೊಳೆದು ಫ್ರಿಜ್ಜಿನ ಮೇಲೆ ಬೋರಲು ಹಾಕಿ ಹೋಗಿದ್ದಳು.

ನೆಗ್ಗಿದ ಡಬ್ಬಿ ಇಟ್ಟಲ್ಲೇ ಇತ್ತು. ದೊಡ್ಡಮ್ಮ ಅದನ್ನು ತೆಗೆದುಕೊಂಡು, ಹುಡುಗಿ ಕೂರುತ್ತಿದ್ದ ಕೆಳಗಿನ ಮೆಟ್ಟಿಲ ಮೇಲೆ ಕೂತು, ಮುಚ್ಚಳ ಬಿಚ್ಚಿ ಮೂಸಿದಳು. ಅನ್ನ ಚೆನ್ನಾಗಿಯೇ ಇತ್ತು.